ಸೂರ್ಯವೀಕ್ಷಣೆಯ ಚರಿತ್ರೆ ಮತ್ತು ಒಂದು ಸಣ್ಣ ದೂರದರ್ಶಕ

ಆಕಾಶವನ್ನು ನೋಡುವ ಉಪಕರಣಗಳ ಇತಿಹಾಸವು ಬಹುಮಟ್ಟಿಗೆ ಬೆಳಕನ್ನು ಕೂಡಿಹಾಕುವ ಪ್ರಯತ್ನದ ಇತಿಹಾಸವಾಗಿದೆ. ನಕ್ಷತ್ರಗಳ ಬೆಳಕು ಕ್ಷೀಣ, ನೀಹಾರಿಕೆಗಳದ್ದು ಇನ್ನೂ ಕ್ಷೀಣ. ಆದುದರಿಂದ ಮಸೂರ ದೊಡ್ಡದಾಗಬೇಕು, ದರ್ಪಣ ಅಗಲವಾಗಬೇಕು, ವೀಕ್ಷಣಾಲಯವು ಬೆಟ್ಟದ ಮೇಲೆ ಹೋಗಬೇಕು. ಸೂರ್ಯನ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಬೆಳಕಿಗೆ ಕೊರತೆಯೇ ಇಲ್ಲ, ಬೇಕಾದುದಕ್ಕಿಂತ ಲಕ್ಷಪಟ್ಟು ಹೆಚ್ಚಿದೆ. ಸೂರ್ಯನನ್ನು ಅಧ್ಯಯನ ಮಾಡಿದವರು ಸಾವಿರ ವರ್ಷಗಳಿಂದ ಮುಖ್ಯವಾಗಿ ತಲೆ ಕೆಡಿಸಿಕೊಂಡಿರುವುದು ಈ ಬೆಳಕನ್ನು ಕಳೆಯುವುದು ಹೇಗೆ ಎಂಬುದಕ್ಕೆ. ಈ ಒಂದು ವಿಷಯವನ್ನು ಅರಿತುಕೊಂಡರೆ ಸೂರ್ಯನಿಗಾಗಿ ಯಾವ ದೂರದರ್ಶಕವನ್ನು ಕೊಳ್ಳಬೇಕು, ಕೊಂಡುದನ್ನು ಮುಂದೆ ಹೇಗೆ ಉತ್ತಮಪಡಿಸಬೇಕು ಎಂಬ ಪ್ರಶ್ನೆಯ ಅರ್ಧಭಾಗ ಪರಿಹಾರವಾದಂತೆ.

ಪ್ರಶ್ನೆ ಹುಟ್ಟಿದ್ದು ಕಲ್ಪನೆಯಿಂದಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣದ ಪಥವು ಮಂಗಳೂರು, ಕಾಸರಗೋಡು ಪ್ರದೇಶಗಳ ಮೇಲೆ ಹಾದುಹೋಯಿತು. ಗ್ರಹಣದ ನಮಾಝ್ ನಿರ್ವಹಿಸಿ ಹೊರಬಂದ ಮಕ್ಕಳಿಗೆ ಆಕಾಶದಲ್ಲಿ ನಡೆಯುತ್ತಿರುವುದನ್ನು ನೋಡುವ ಆಸೆ ಇದ್ದುದು ಸಹಜ. ಆದರೆ ನೋಡುವ ಸಾಧನವೂ ಇರಲಿಲ್ಲ, ನೋಡುವ ಬಗೆಯೂ ಹಲವರಿಗೆ ತಿಳಿದಿರಲಿಲ್ಲ. ಅಂದಿನಿಂದ ಶಾಲೆಯವರೋ ಯುವಕ ಸಂಘದವರೋ ದೂರದರ್ಶಕ ಕೊಳ್ಳುವ ಮಾತನ್ನೆತ್ತಿದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಉಸ್ತಾದರೇ, ಎಷ್ಟು ದೊಡ್ಡದು ಕೊಂಡರೆ ಒಳ್ಳೆಯದು?’ ಸೂರ್ಯನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವುದು ಲೇಸು.

ಇಸ್ಲಾಮೀ ಸಮಾಜಕ್ಕೆ ಸೂರ್ಯನೊಂದಿಗೆ ದಿನನಿತ್ಯದ ಸಂಬಂಧವಿತ್ತು. ಝುಹರ್ ಮತ್ತು ಅಸರ್ ನಮಾಝ್‌ಗಳ ಸಮಯವು ನೆರಳಿನ ಅಳತೆಯಿಂದ ನಿರ್ಧಾರವಾಗುತ್ತಿತ್ತು. ದಮಾಸ್ಕಸ್‌ನ ಉಮವೀ ಮಸೀದಿಯಲ್ಲಿ ಸಮಯಪಾಲಕರಾಗಿದ್ದ ಇಬ್ನು ಶ್ಶಾತಿರ್ 1371ರಲ್ಲಿ ಅಲ್ಲಿನ ಮಿನಾರಕ್ಕಾಗಿ ನಿರ್ಮಿಸಿದ ನೆರಳುಗಡಿಯಾರ ಆ ವಿದ್ಯೆಯ ಉತ್ತಮ ಕೃತಿಗಳಲ್ಲಿ ಒಂದು. ಆದರೆ ನೆರಳನ್ನು ಅಳೆಯುವವನು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಸೂರ್ಯಬಿಂಬವನ್ನೇ ಎದುರಿಟ್ಟು ನೋಡಬೇಕಾದ ಸಂದರ್ಭ ಬರುವುದು ಗ್ರಹಣದಲ್ಲಿ. ಗ್ರಹಣವು ಯಾರ ಸಾವಿಗಾಗಿಯೂ ಯಾರ ಹುಟ್ಟಿಗಾಗಿಯೂ ಸಂಭವಿಸುವುದಿಲ್ಲವೆಂಬ ಪ್ರವಾದಿ(ಸ)ರ ಬೋಧನೆಯನ್ನು ಓದುಗರು ಬಲ್ಲರು. ಅವರ ಪುತ್ರ ಇಬ್ರಾಹೀಮ್ ತೀರಿಕೊಂಡ ದಿನದ ಆ ಗ್ರಹಣವನ್ನು ಕ್ರಿ.ಶ. 632ರ ಜನವರಿ 27ರದ್ದೆಂದು ಗುರುತಿಸಲಾಗಿದೆ. ಶಕುನದ ಭಯವನ್ನು ಬದಿಗಿಟ್ಟ ಮೇಲೆ ಗ್ರಹಣವು ಲೆಕ್ಕಕ್ಕೆ ಒದಗುವ ಘಟನೆಯಾಯಿತು. ಅದು ಎಷ್ಟು ಹೊತ್ತಿಗೆ ಹಿಡಿಯಿತು, ಬಿಂಬದ ಎಷ್ಟು ಭಾಗ ಮರೆಯಾಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂಬುದನ್ನು ಬರೆದಿಡುವ ವಿದ್ವಾಂಸರು ಬಗ್ದಾದಿನಲ್ಲಿಯೂ ಕೈರೋದಲ್ಲಿಯೂ ಹುಟ್ಟಿಕೊಂಡರು.

928ರ ಆಗಸ್ಟ್ ತಿಂಗಳಿನಲ್ಲಿ ಬಗ್ದಾದಿನಲ್ಲಿ ಸೂರ್ಯನು ಗ್ರಹಣ ಹಿಡಿದುಕೊಂಡೇ ಉದಯಿಸಿದನು. ಬನೂ ಅಮಾಜೂರ್ ಎಂಬ ಖಗೋಳಜ್ಞ ಕುಟುಂಬದವರು ಅದನ್ನು ನೀರಿನಲ್ಲಿ ಬಿದ್ದ ಪ್ರತಿಬಿಂಬದ ಮೂಲಕ ವೀಕ್ಷಿಸಿದರು. ಆ ದಾಖಲೆ ನಮಗೆ ದೊರೆತಿರುವುದು ಮುಂದೆ ಕೈರೋದಲ್ಲಿದ್ದ ಇಬ್ನು ಯೂನುಸ್ ಅದನ್ನು ತಮ್ಮ ಗ್ರಂಥದಲ್ಲಿ ಸೇರಿಸಿದ್ದರಿಂದ. ಅಲ್ ಬೀರೂನಿಯವರ ಅನುಭವವಂತೂ ಇನ್ನೂ ಸ್ಪಷ್ಟವಾದ ಪಾಠ. ಯೌವನದಲ್ಲಿ ಗ್ರಹಣಗಳನ್ನು ನೇರವಾಗಿ ನೋಡಿದ್ದರಿಂದ ತಮ್ಮ ದೃಷ್ಟಿ ದುರ್ಬಲವಾಯಿತೆಂದು ಅವರು ದಾಖಲಿಸಿದ್ದಾರೆ. ಸೂರ್ಯನ ಬಿಂಬವನ್ನು ನೀರಿನಲ್ಲಿ ನೋಡುವುದೇ ಮೇಲೆಂದು ಸಲಹೆಯಿತ್ತಿದ್ದಾರೆ. ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ ಮಹಾವಿದ್ವಾಂಸರೊಬ್ಬರು ತಮ್ಮ ಕಣ್ಣಿನ ಹಾನಿಯನ್ನು ಮುಂದಿನವರ ಉಪಯೋಗಕ್ಕಾಗಿ ಮರೆಮಾಚದೆ ಬರೆದಿಟ್ಟರೆಂಬುದು ನನಗೆ ಅವರ ಲೆಕ್ಕಗಳಷ್ಟೇ ದೊಡ್ಡ ವಿಷಯವಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಹಳ್ಳಿಗಳಲ್ಲಿ ಈಗಲೂ ಅರಿಶಿನದ ನೀರನ್ನೋ ಸೆಗಣಿ ಕದಡಿದ ನೀರನ್ನೋ ಪಾತ್ರೆಯಲ್ಲಿಟ್ಟು ಗ್ರಹಣ ನೋಡುವವರಿದ್ದಾರೆ. ಸೂರ್ಯ ಎತ್ತರದಲ್ಲಿದ್ದಾಗ ನೀರಿನ ಮೇಲ್ಮೈ ನೂರರಲ್ಲಿ ಸುಮಾರು ಎರಡು ಭಾಗ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಕಣ್ಣಿಗೆ ಸುರಕ್ಷಿತವಾದ ಪ್ರಮಾಣ ಲಕ್ಷದಲ್ಲಿ ಒಂದು ಭಾಗದ ಆಸುಪಾಸಿನದು. ನೀರಿನ ಬಿಂಬವು ನೇರನೋಟಕ್ಕಿಂತ ಮೇಲಾದರೂ ಸುರಕ್ಷಿತವಲ್ಲ. ಅಲ್ ಬೀರೂನಿಯವರ ಕಾಲಕ್ಕೆ ಅದಕ್ಕಿಂತ ಉತ್ತಮವಾದುದು ಕೈಯಲ್ಲಿರಲಿಲ್ಲ. ನಮ್ಮ ಕಾಲಕ್ಕೆ ಇದೆ.

ಉತ್ತಮವಾದ ದಾರಿಯನ್ನು ತೋರಿಸಿದವರೂ ಅದೇ ತಲೆಮಾರಿನವರು. ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರನ್ನು ‘ಕಿತಾಬುಲ್ ಮನಾಝಿರ್’ ಗ್ರಂಥಕ್ಕಾಗಿ ಲೋಕವೇ ನೆನೆಯುತ್ತದೆ. ಗ್ರಹಣದ ಆಕಾರದ ಕುರಿತು ಅವರು ಬರೆದ ಒಂದು ಚಿಕ್ಕ ಪ್ರಬಂಧವನ್ನು ಬಲ್ಲವರು ಕಡಿಮೆ. ಗ್ರಹಣದ ವೇಳೆ ಸೂರ್ಯನ ಬೆಳಕು ಚಿಕ್ಕ ರಂಧ್ರದ ಮೂಲಕ ಕತ್ತಲೆಯ ಕೋಣೆಗೆ ಬಂದರೆ ಎದುರಿನ ಗೋಡೆಯಲ್ಲಿ ಕುಡುಗೋಲಿನಂತಹ ಬಿಂಬ ಮೂಡುತ್ತದೆ. ರಂಧ್ರವನ್ನು ದೊಡ್ಡದು ಮಾಡಿದರೆ ಆ ಆಕಾರ ಅಳಿಸಿಹೋಗುತ್ತದೆ. ಇದು ಏಕೆ? ಬಿದಿಗೆಯ ಚಂದ್ರನ ಬೆಳಕು ಅದೇ ರಂಧ್ರದಿಂದ ಬಂದಾಗ ಏಕೆ ಕುಡುಗೋಲಿನ ಆಕಾರ ಕಾಣುವುದಿಲ್ಲ? ರಂಧ್ರದ ಗಾತ್ರ, ಗೋಡೆಯವರೆಗಿನ ದೂರ, ಬೆಳಕಿನ ಮೂಲದ ಆಕಾರ ಇವುಗಳ ಪರಸ್ಪರ ಪ್ರಮಾಣವನ್ನು ರೇಖಾಗಣಿತದಿಂದ ಬಿಡಿಸಿ ಅವರು ಉತ್ತರವನ್ನಿತ್ತರು. ಸುಮಾರು ಮೂರು ಶತಮಾನಗಳ ನಂತರ ಕಮಾಲುದ್ದೀನ್ ಅಲ್ ಫಾರಿಸಿ ಇದೇ ವಿಚಾರವನ್ನು ತಮ್ಮ ವ್ಯಾಖ್ಯಾನದಲ್ಲಿ ಮುಂದುವರಿಸಿದರು.

ಈ ವಿದ್ಯೆಗೆ ಒಂದು ಪೈಸೆಯ ಖರ್ಚೂ ಇಲ್ಲ. ರಂಧ್ರದಿಂದ ಪರದೆಗಿರುವ ದೂರವನ್ನು 109ರಿಂದ ಭಾಗಿಸಿದರೆ ಸೂರ್ಯಬಿಂಬದ ಅಗಲ ದೊರೆಯುತ್ತದೆ. ಐದು ಮೀಟರ್ ಉದ್ದದ ಕತ್ತಲೆ ಕೋಣೆಯಲ್ಲಿ ನಾಲ್ಕೂವರೆ ಸೆಂಟಿಮೀಟರಿನ ಬಿಂಬ ಸಿಗುತ್ತದೆ. 2019ರಲ್ಲಿ ಮರದಡಿಯ ನೆರಳನ್ನು ಗಮನಿಸಿದವರು ಎಲೆಗಳ ಸಂದುಗಳಿಂದ ನೆಲದ ಮೇಲೆ ನೂರಾರು ಕುಡುಗೋಲುಗಳು ಬಿದ್ದುದನ್ನು ಕಂಡಿರಬಹುದು. ಇಬ್ನುಲ್ ಹೈಸಮರ ಕೋಣೆ ಅದೇ. ದೂರದರ್ಶಕಕ್ಕಾಗಿ ಹಣ ಹೊಂದಿಸುವ ಶಾಲೆ ಮೊದಲು ಒಂದು ಕೋಣೆಯ ಕಿಟಕಿಯನ್ನು ಕಪ್ಪು ಕಾಗದದಿಂದ ಮುಚ್ಚಿ ಅದರಲ್ಲಿ ಒಂದು ತೂತು ಕೊರೆಯಲಿ ಎಂಬುದು ನನ್ನ ಅಭಿಪ್ರಾಯ.

ಆದರೆ ರಂಧ್ರದ ಬಿಂಬಕ್ಕೆ ಮಿತಿಯಿದೆ. ಅದು ಮಸುಕು, ಸೂಕ್ಷ್ಮ ವಿವರಗಳು ಅದರಲ್ಲಿ ನಿಲ್ಲವು. ಇಬ್ನು ಸೀನಾ ಶುಕ್ರಗ್ರಹವನ್ನು ಸೂರ್ಯಬಿಂಬದ ಮೇಲೆ ಒಂದು ಚುಕ್ಕೆಯಾಗಿ ಕಂಡುದಾಗಿ ಬರೆದಿದ್ದಾರೆ. ಅದು ಶುಕ್ರನೋ ಸೂರ್ಯನದ್ದೇ ಕಲೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 1607ರಲ್ಲಿ ಕೆಪ್ಲರ್ ರಂಧ್ರದ ಬಿಂಬದಲ್ಲಿ ಒಂದು ಕಪ್ಪು ಚುಕ್ಕೆಯನ್ನು ಕಂಡು ಅದನ್ನು ಬುಧಗ್ರಹವೆಂದೇ ಭಾವಿಸಿದರು. ವಾಸ್ತವದಲ್ಲಿ ಅದು ಸೌರಕಲೆಯಾಗಿತ್ತು. ಗ್ರಹವನ್ನೂ ಕಲೆಯನ್ನೂ ಬೇರ್ಪಡಿಸಿ ಹೇಳಲು ಮಸೂರ ಬೇಕಾಯಿತು.

ದೂರದರ್ಶಕ ಬಂದ ಎರಡು ಮೂರು ವರ್ಷಗಳಲ್ಲೇ ಸೌರಕಲೆಗಳನ್ನು ಹಲವರು ಬೇರೆ ಬೇರೆಯಾಗಿ ಕಂಡರು. 1611ರಲ್ಲಿ ಈ ಕುರಿತು ಮೊದಲ ಪುಸ್ತಕ ಮುದ್ರಿಸಿದ ಯೋಹಾನೆಸ್ ಫಾಬ್ರಿಸಿಯಸ್ ಮತ್ತು ಅವರ ತಂದೆ ಆರಂಭದಲ್ಲಿ ಉದಯಿಸುವ ಸೂರ್ಯನನ್ನು ದೂರದರ್ಶಕದಲ್ಲಿ ನೇರವಾಗಿಯೇ ನೋಡಿದರು. ಕಣ್ಣಿನ ನೋವನ್ನು ತಾಳಲಾರದೆ ಬಳಿಕ ರಂಧ್ರದ ಕೋಣೆಗೆ ಮರಳಿದರು. ಸರಿಯಾದ ಉಪಾಯ ಹೊಳೆದುದು ಗೆಲಿಲಿಯೋ ಅವರ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿ ಅವರಿಗೆ. ದೂರದರ್ಶಕದ ಹಿಂದೆ ಕಣ್ಣಿಡುವ ಬದಲು ಬಿಳಿ ಕಾಗದವನ್ನಿಟ್ಟರೆ ಸೂರ್ಯನ ದೊಡ್ಡ, ಸ್ಫುಟವಾದ ಬಿಂಬ ಕಾಗದದ ಮೇಲೆ ಮೂಡುತ್ತದೆ. ಅದರ ಮೇಲೆಯೇ ಪೆನ್ಸಿಲಿನಿಂದ ಕಲೆಗಳನ್ನು ಗುರುತಿಸಬಹುದು. ಗೆಲಿಲಿಯೋ 1613ರಲ್ಲಿ ಪ್ರಕಟಿಸಿದ ಸೌರಕಲೆಗಳ ಪತ್ರಗಳಲ್ಲಿನ ಚಿತ್ರಗಳು ಹೀಗೆ ಬರೆದವು. ಅವರ ಪ್ರತಿಸ್ಪರ್ಧಿಯಾಗಿದ್ದ ಜೆಸ್ಯೂಟ್ ಪಾದ್ರಿ ಕ್ರಿಸ್ಟೋಫ್ ಷೈನರ್ ಇದೇ ವಿಧಾನಕ್ಕೆ ಗಟ್ಟಿಯಾದ ಚೌಕಟ್ಟನ್ನೂ ಪೀಠವನ್ನೂ ಜೋಡಿಸಿ ವರ್ಷಗಟ್ಟಲೆ ಚಿತ್ರಗಳನ್ನು ದಾಖಲಿಸಿದರು. ಸೂರ್ಯನನ್ನು ನೋಡಿದ್ದರಿಂದಲೇ ಗೆಲಿಲಿಯೋ ಕುರುಡರಾದರೆಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಅವರ ದೃಷ್ಟಿ ಹೋದುದು ಈ ವೀಕ್ಷಣೆಗಳಾಗಿ ಸುಮಾರು ಇಪ್ಪತ್ತೈದು ವರ್ಷಗಳ ಬಳಿಕ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ. ಮಕ್ಕಳಿಗೆ ಎಚ್ಚರಿಕೆ ಹೇಳಲು ಸುಳ್ಳು ಕಥೆ ಬೇಕಾಗಿಲ್ಲ, ಅಲ್ ಬೀರೂನಿಯವರ ನಿಜಸಂಗತಿಯೇ ಸಾಕು.

ಕಾಗದದ ಮೇಲೆ ಬಿಂಬ ಬೀಳಿಸುವ ಈ ವಿಧಾನದಿಂದಲೇ 1631ರ ನವೆಂಬರ್ 7ರಂದು ಪ್ಯಾರಿಸಿನಲ್ಲಿ ಗಾಸೆಂಡಿ ಬುಧ ಸಂಕ್ರಮಣವನ್ನು ಕಂಡರು. 1639ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಇಪ್ಪತ್ತರ ಆಸುಪಾಸಿನ ಯುವಕ ಜೆರೆಮಿಯಾ ಹೊರಾಕ್ಸ್ ಶುಕ್ರ ಸಂಕ್ರಮಣವನ್ನು ಕಂಡರು. ಹೊರಾಕ್ಸ್ ಕಾಗದದಲ್ಲಿ ಬರೆದುಕೊಂಡಿದ್ದ ವೃತ್ತದ ಅಗಲ ಸುಮಾರು ಆರು ಅಂಗುಲ. ಇವರೆಲ್ಲರ ದೂರದರ್ಶಕಗಳು ಇಂದಿನ ಅಗ್ಗದ ಅಂಗಡಿಯ ಉಪಕರಣಕ್ಕಿಂತ ಮಸೂರದ ಗುಣದಲ್ಲಿ ಬಹಳ ಕೆಳಗಿನವು.

ಆದುದರಿಂದ ಮೊದಲ ಆಯ್ಕೆಯ ವಿಷಯದಲ್ಲಿ ಗೊಂದಲ ಬೇಡ. 60ರಿಂದ 80 ಮಿಲಿಮೀಟರ್ ವ್ಯಾಸದ ಮಸೂರದ ದೂರದರ್ಶಕ ಸಾಕು. ದರ್ಪಣದ ದೊಡ್ಡ ದೂರದರ್ಶಕವನ್ನು ಬಿಂಬ ಬೀಳಿಸಲು ಬಳಸಬಾರದು. ಕೊಳವೆಯೊಳಗೆ ಕೇಂದ್ರೀಕೃತವಾಗುವ ಶಾಖದಿಂದ ಅದರ ಚಿಕ್ಕ ದರ್ಪಣವೂ ಪ್ಲಾಸ್ಟಿಕ್ ಭಾಗಗಳೂ ಕೆಡುತ್ತವೆ. ಮಸೂರದ ದೂರದರ್ಶಕದಲ್ಲಿಯೂ ಬಿಂಬ ಬೀಳಿಸುವಾಗ ದುಬಾರಿ ಐಪೀಸ್ ಹಾಕುವುದು ಜಾಣತನವಲ್ಲ. ಅವುಗಳೊಳಗೆ ಅಂಟಿನಿಂದ ಕೂಡಿಸಿದ ಗಾಜುಗಳಿರುತ್ತವೆ, ಶಾಖಕ್ಕೆ ಅಂಟು ಹಾಳಾಗುತ್ತದೆ. ಅಂಟಿಲ್ಲದ ಹಳೆಯ ಹೈಗನ್ಸ್ ಮಾದರಿಯ ಅಗ್ಗದ ಐಪೀಸ್ ಇಲ್ಲಿ ಹೆಚ್ಚು ಬಾಳುತ್ತದೆ. ಬೆಲೆ ಹೆಚ್ಚಿದ್ದುದೇ ಮೇಲು ಎಂಬ ನಮ್ಮ ನಂಬಿಕೆಗೆ ಇಂಥ ಅಪವಾದಗಳು ಸೂರ್ಯವೀಕ್ಷಣೆಯಲ್ಲಿ ಹಲವು ಎದುರಾಗುತ್ತವೆ.

ವ್ಯಾಸ ಏಕೆ ಇಷ್ಟು ಚಿಕ್ಕದಾದರೂ ಸಾಕೆಂಬುದಕ್ಕೆ ಕಾರಣವಿದೆ. ಹಗಲಿನಲ್ಲಿ ನೆಲ ಕಾದು ಗಾಳಿ ಕದಡುತ್ತದೆ, ಬಿಂಬ ನೀರಿನೊಳಗಿನ ಕಲ್ಲಿನಂತೆ ಅಲುಗುತ್ತದೆ. 80 ಮಿ.ಮೀ. ಮಸೂರ ತೋರಿಸಬಲ್ಲ ವಿವರಕ್ಕಿಂತ ಹೆಚ್ಚಿನದನ್ನು ಹಗಲಿನ ಗಾಳಿ ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಇದೇ ಕಾರಣಕ್ಕೆ ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಹ್ ಸಾಗರ್ ಸರೋವರದ ನಡುಗಡ್ಡೆಯಲ್ಲಿ ಕಟ್ಟಿದರು. ಸುತ್ತ ನೀರಿದ್ದರೆ ಗಾಳಿ ಶಾಂತವಾಗಿರುತ್ತದೆ. ನಮ್ಮಲ್ಲಿ ಶಾಲೆಯ ತಾರಸಿಯ ಮೇಲೆ ದೂರದರ್ಶಕವನ್ನು ಏರಿಸುವುದೇ ಗೌರವವೆಂದು ತಿಳಿಯುತ್ತಾರೆ. ಕಾದ ಕಾಂಕ್ರೀಟಿಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ, ತಗಡಿನ ಮಾಡಿನ ಪಕ್ಕವೂ ಅಷ್ಟೇ. ಹುಲ್ಲಿನ ಮೈದಾನದಲ್ಲಿ, ಸೂರ್ಯೋದಯವಾಗಿ ಎರಡು ಮೂರು ತಾಸು ಕಳೆಯುವುದರೊಳಗೆ ನೋಡುವವನು ಚಿಕ್ಕ ಮಸೂರದಲ್ಲಿ ಕಂಡುದನ್ನು, ಮಧ್ಯಾಹ್ನ ತಾರಸಿಯಲ್ಲಿ ದೊಡ್ಡ ಮಸೂರ ಹಿಡಿದವನು ಕಾಣಲಾರ.

ಕಾಗದದ ಮೇಲಿನ ಬಿಂಬ ಒಂದು ತರಗತಿಗೆ ಒಟ್ಟಿಗೆ ತೋರಿಸಲು ಅನುಕೂಲ. ಆದರೆ ಕಣ್ಣಿಟ್ಟು ನೋಡಿದರೆ ಕಾಣುವ ಸೂಕ್ಷ್ಮತೆ ಅದರಲ್ಲಿಲ್ಲ. ಕಣ್ಣಿಟ್ಟು ನೋಡಬೇಕಾದರೆ ಬೆಳಕನ್ನು ಸೋಸಬೇಕು. ಈ ಸೋಸುವ ವಿದ್ಯೆಯ ಚರಿತ್ರೆಯಲ್ಲಿ ಒಂದೇ ಮನೆತನದ ಮೂರು ತಲೆಮಾರುಗಳ ಹೆಸರು ಬರುತ್ತದೆ. ಮೂರನೆಯವರ ಹೆಸರು ನಮ್ಮ ನಾಡಿನ ನೆಲಕ್ಕೇ ಸೇರಿದೆ.

ಮೊದಲನೆಯವರು ವಿಲಿಯಂ ಹರ್ಷಲ್, ಯುರೇನಸ್ ಗ್ರಹವನ್ನು ಕಂಡುಹಿಡಿದವರು. ಸೂರ್ಯನನ್ನು ನೋಡಲು ಅವರು ನಾನಾ ಬಣ್ಣದ ಗಾಜುಗಳನ್ನು ಪ್ರಯೋಗಿಸಿದರು. ಕೆಲವು ಗಾಜುಗಳಲ್ಲಿ ಬೆಳಕು ಬಹಳ ಕಡಿಮೆ ಬಂದರೂ ಕಣ್ಣಿಗೆ ಶಾಖ ತಟ್ಟುತ್ತಿತ್ತು. ಬೇರೆ ಕೆಲವಲ್ಲಿ ಬೆಳಕು ಹೆಚ್ಚಿದ್ದರೂ ಶಾಖ ತೋರುತ್ತಿರಲಿಲ್ಲ. ಇದರ ಕಾರಣವನ್ನು ಹುಡುಕುತ್ತಾ ಅವರು ಪ್ರಿಸಮ್‌ನಿಂದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಪ್ರತಿ ಬಣ್ಣದಲ್ಲಿ ಉಷ್ಣಮಾಪಕವನ್ನಿಟ್ಟರು. ಕೆಂಪಿನಾಚೆ ಯಾವ ಬಣ್ಣವೂ ಕಾಣದ ಕಡೆಯಲ್ಲಿ ಪಾದರಸ ಎಲ್ಲಕ್ಕಿಂತ ಹೆಚ್ಚು ಏರಿತು. 1800ರಲ್ಲಿ ಅವಕೆಂಪು ಕಿರಣಗಳ ಶೋಧವಾದುದು ಹೀಗೆ, ಸೂರ್ಯನಿಗಾಗಿ ಒಂದು ಒಳ್ಳೆಯ ಸೋಸುಗಾಜನ್ನು ಹುಡುಕುವ ದಾರಿಯಲ್ಲಿ. ಮರುವರ್ಷ ಅವರು ಶಾಯಿ ಬೆರೆಸಿದ ನೀರನ್ನು ಕಣ್ಣಿನ ಮುಂದಿನ ಪೆಟ್ಟಿಗೆಯಲ್ಲಿ ತುಂಬಿ ಅದರ ಮೂಲಕವೂ ಸೂರ್ಯನನ್ನು ನೋಡಿದರು.

ಹರ್ಷಲರ ಉಷ್ಣಮಾಪಕ ತಿಳಿಸಿದ ವಿಷಯ ಇಂದಿಗೂ ಪ್ರಾಣಪ್ರಾಯವಾದುದು. ಕಣ್ಣಿಗೆ ಕಪ್ಪಾಗಿ ಕಾಣುವುದೆಲ್ಲ ಕಣ್ಣಿಗೆ ಸುರಕ್ಷಿತವಲ್ಲ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಎರಡು ಮೂರು ತಂಪು ಕನ್ನಡಕಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುವುದು, ಇವೆಲ್ಲ ಕಾಣುವ ಬೆಳಕನ್ನು ತಗ್ಗಿಸಿ ಕಾಣದ ಶಾಖವನ್ನು ಒಳಬಿಡಬಹುದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟುದು ತಿಳಿಯುವಾಗ ತಡವಾಗಿರುತ್ತದೆ. ಅಗ್ಗದ ದೂರದರ್ಶಕಗಳ ಪೆಟ್ಟಿಗೆಯಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಸೂರ್ಯಗಾಜು ಬರುವುದುಂಟು. ಅದು ಕುಳಿತುಕೊಳ್ಳುವುದು ಮಸೂರವು ಇಡೀ ಶಾಖವನ್ನು ತಂದು ಸೇರಿಸುವ ಜಾಗದ ಬಳಿಯಲ್ಲಿ. ಕಾದು ಫಕ್ಕನೆ ಸೀಳಿದರೆ ಕಣ್ಣಿಗೂ ಸೂರ್ಯನಿಗೂ ನಡುವೆ ಏನೂ ಉಳಿಯುವುದಿಲ್ಲ. ಅದನ್ನು ಕೊಂಡ ದಿನವೇ ಒಡೆದು ಎಸೆಯಬೇಕು, ಪೆಟ್ಟಿಗೆಯಲ್ಲಿ ಇರಗೊಡಲೂ ಬಾರದು. ಸೋಸುಗ ಇರಬೇಕಾದುದು ಕೊಳವೆಯ ಮುಂಬದಿಯಲ್ಲಿ, ಶಾಖ ಒಳಬರುವ ಮುನ್ನ. ಸೂರ್ಯವೀಕ್ಷಣೆಗೆಂದೇ ತಯಾರಾದ, ಲಕ್ಷದಲ್ಲಿ ಒಂದು ಭಾಗ ಬೆಳಕನ್ನು ಮಾತ್ರ ಬಿಡುವ ಲೋಹಲೇಪಿತ ಹಾಳೆ ಸಿಗುತ್ತದೆ. ಗಟ್ಟಿ ರಟ್ಟಿನ ಬಳೆಗೆ ಅದನ್ನು ಸಡಿಲವಾಗಿ ಅಂಟಿಸಿ, ಗಾಳಿಗೆ ಹಾರದಂತೆ ಕೊಳವೆಗೆ ಟೇಪಿನಿಂದ ಬಿಗಿಯಬೇಕು. ಪ್ರತಿ ಸಲ ಬಳಸುವ ಮುನ್ನ ತೂತು, ಗೀರು ಇದೆಯೇ ಎಂದು ಪರೀಕ್ಷಿಸಬೇಕು. ಮೊದಲ ದೂರದರ್ಶಕಕ್ಕೆ ಮಾಡಬೇಕಾದ ಮೊದಲ ಸುಧಾರಣೆ ಇದೇ, ಅತಿ ಅಗ್ಗದ್ದೂ ಇದೇ.

ಹರ್ಷಲರ ಮಗ ಜಾನ್ ಹರ್ಷಲ್ ಇನ್ನೊಂದು ಯುಕ್ತಿಯನ್ನು ಕಂಡುಕೊಂಡರು. ಲೇಪವಿಲ್ಲದ ಗಾಜಿನ ಮುಖವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಭಾಗವನ್ನಷ್ಟೇ ಹಿಂತಿರುಗಿಸುತ್ತದೆ. ಬೆಣೆಯಾಕಾರದ ಗಾಜನ್ನು ಐಪೀಸಿನ ಮುಂದೆ ಓರೆಯಾಗಿ ಇಟ್ಟರೆ ಮಿಕ್ಕ ಬೆಳಕೂ ಶಾಖವೂ ಹಿಂದಕ್ಕೆ ಹೊರಟುಹೋಗುತ್ತದೆ, ಉಳಿದುದನ್ನು ಕಪ್ಪು ಸೋಸುಗ ತಗ್ಗಿಸುತ್ತದೆ. ‘ಹರ್ಷಲ್ ಬೆಣೆ’ ಎಂಬ ಹೆಸರಿನಲ್ಲಿ ಇದು ಇಂದಿಗೂ ಮಾರಾಟವಾಗುತ್ತದೆ. ಹಾಳೆಗಿಂತ ಚುರುಕಾದ ಬಿಂಬ ಕೊಡುತ್ತದೆ, ಬೆಲೆಯೂ ಹೆಚ್ಚು. ಇದನ್ನು ಮಸೂರದ ದೂರದರ್ಶಕಕ್ಕೆ ಮಾತ್ರ ಜೋಡಿಸಬೇಕು, ಬಲ್ಲವರ ಕೈಯಲ್ಲಷ್ಟೇ ಇರಬೇಕು. ಮಕ್ಕಳ ಗುಂಪಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಮೂರನೆಯವರ ಕಥೆಗೆ ಹೋಗುವ ಮುನ್ನ ಜರ್ಮನಿಯ ಡೆಸಾವ್ ಎಂಬ ಊರಿನ ಔಷಧ ವ್ಯಾಪಾರಿಯೊಬ್ಬರನ್ನು ನೆನೆಯಬೇಕು. ಸಣ್ಣ ದೂರದರ್ಶಕದ ಬಗ್ಗೆ ಮಾತನಾಡುವಾಗ ಹೈನ್ರಿಶ್ ಶ್ವಾಬೆ ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. 1825ರಲ್ಲಿ ಅವರಿಗೆ ಒಂದು ಚಿಕ್ಕ ದೂರದರ್ಶಕ ಲಾಟರಿಯಲ್ಲಿ ಬಂದಿತು. ಅದರಲ್ಲಿ ರುಚಿ ಹತ್ತಿದ ಮೇಲೆ ಮರುವರ್ಷ ಮ್ಯೂನಿಕ್ಕಿನ ಫ್ರೌನ್‌ಹೋಫರ್ ಕಾರ್ಯಾಗಾರದಿಂದ ಅದಕ್ಕಿಂತ ಉತ್ತಮವಾದುದನ್ನು ತರಿಸಿಕೊಂಡರು. ಬುಧನಿಗಿಂತಲೂ ಒಳಗೆ ಸುತ್ತುವ ಅಜ್ಞಾತ ಗ್ರಹವೊಂದು ಸೂರ್ಯಬಿಂಬದ ಮೇಲೆ ಹಾದುಹೋಗುವಾಗ ಸಿಕ್ಕಿಬೀಳಬಹುದೆಂಬುದು ಅವರ ಆಸೆಯಾಗಿತ್ತು. ಆ ಚುಕ್ಕೆಯನ್ನು ಗುರುತಿಸಬೇಕಾದರೆ ಸೂರ್ಯನ ಸ್ವಂತ ಕಲೆಗಳೆಲ್ಲ ಲೆಕ್ಕಕ್ಕೆ ಸಿಕ್ಕಿರಬೇಕಲ್ಲವೇ? ಹಾಗಾಗಿ ಮೋಡವಿಲ್ಲದ ಪ್ರತಿ ದಿನವೂ ಅವರು ಸೂರ್ಯನನ್ನು ನೋಡಿದರು, ಚಿತ್ರ ಬರೆದರು, ಕಲೆಗಳ ಗುಂಪುಗಳನ್ನು ಎಣಿಸಿದರು. ಅಂಗಡಿಯನ್ನು ಕೆಲವೇ ವರ್ಷಗಳಲ್ಲಿ ಮಾರಿಬಿಟ್ಟರು.

ಗ್ರಹ ಸಿಗಲೇ ಇಲ್ಲ, ಅಂಥದೊಂದು ಗ್ರಹ ಇಲ್ಲವೇ ಇಲ್ಲ. ಆದರೆ ಅವರ ಕೋಷ್ಟಕದಲ್ಲಿ ಬೇರೇನೋ ಮೂಡತೊಡಗಿತು. 1828ರಲ್ಲಿ ಅವರು ಎಣಿಸಿದ ಗುಂಪುಗಳು 225, ಕಲೆಯೇ ಇಲ್ಲದ ದಿನ ಒಂದೂ ಇರಲಿಲ್ಲ. 1833ರಲ್ಲಿ ಗುಂಪುಗಳು 33, ಕಲೆಯಿಲ್ಲದ ದಿನಗಳು 139. 1837ರಲ್ಲಿ ಮತ್ತೆ 333ಕ್ಕೆ ಏರಿದ ಗುಂಪುಗಳು 1843ರಲ್ಲಿ 34ಕ್ಕೆ ಇಳಿದವು. ಸುಮಾರು ಹತ್ತು ವರ್ಷಗಳ ಆವರ್ತವಿರಬಹುದೆಂದು ಆಗ ಅವರು ವಿನಯದಿಂದ ಒಂದು ಪುಟ್ಟ ಬರಹದಲ್ಲಿ ತಿಳಿಸಿದರು. ಹಂಬೋಲ್ಟ್ ತಮ್ಮ ‘ಕಾಸ್ಮೋಸ್’ ಗ್ರಂಥದಲ್ಲಿ ಆ ಕೋಷ್ಟಕವನ್ನು ಮುದ್ರಿಸುವವರೆಗೆ ಹೆಚ್ಚಿನವರು ಅದನ್ನು ಗಮನಿಸಲಿಲ್ಲ. 1857ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕವನ್ನಿತ್ತಿತು. ಕಳೆದುಹೋದ ಕತ್ತೆಗಳನ್ನು ಹುಡುಕಹೋಗಿ ರಾಜ್ಯವನ್ನೇ ಪಡೆದ ಬೈಬಲಿನ ಸೌಲನಿಗೆ ಅವರು ತಮ್ಮನ್ನು ಹೋಲಿಸಿಕೊಂಡರಂತೆ. ಆ ಸೌಲನೇ ನಾವು ತಾಲೂತ್ ಎಂದು ಬಲ್ಲ ಅರಸ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಶ್ವಾಬೆ ಬರೆದ ಎಂಟು ಸಾವಿರಕ್ಕೂ ಮಿಕ್ಕ ಸೂರ್ಯಚಿತ್ರಗಳು ಉಳಿದುಕೊಂಡಿವೆ.

ಅವರ ದಾರಿಯನ್ನು ಹಿಡಿದ ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್ ಹಳೆಯ ದಾಖಲೆಗಳನ್ನೆಲ್ಲ ಕಲೆಹಾಕಿ ಆವರ್ತವು ಸುಮಾರು 11 ವರ್ಷಗಳದ್ದೆಂದು ಸ್ಥಾಪಿಸಿದರು. ಅವರ ಲೆಕ್ಕ ಸರಳ. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸಬೇಕು. ಬೇರೆ ಬೇರೆ ವೀಕ್ಷಕರ ಕಣ್ಣೂ ಉಪಕರಣವೂ ಬೇರೆಯಾದುದರಿಂದ ಪ್ರತಿಯೊಬ್ಬರಿಗೂ ಒಂದು ಗುಣಾಂಕವನ್ನು ಹಚ್ಚಬೇಕು. ವುಲ್ಫರ ಮುಖ್ಯ ಉಪಕರಣ ಫ್ರೌನ್‌ಹೋಫರ್ ಕಾರ್ಯಾಗಾರದ ಸುಮಾರು 80 ಮಿ.ಮೀ. ವ್ಯಾಸದ ದೂರದರ್ಶಕ, ಬಳಸಿದ ವರ್ಧನೆ 64 ಪಟ್ಟು. ಪ್ರವಾಸದಲ್ಲಿರುವಾಗ ಅದಕ್ಕಿಂತಲೂ ಚಿಕ್ಕದರಿಂದ ಎಣಿಸಿದರು. ಲೋಕಕ್ಕೆಲ್ಲ ಮಾನದಂಡವಾದ ಸೌರಕಲೆಗಳ ಸಂಖ್ಯೆ ಹುಟ್ಟಿದುದು ಶಾಲೆಯೊಂದು ಕೊಳ್ಳಬಹುದಾದ ಗಾತ್ರದ ಮಸೂರದಿಂದ. ಆ ಸಂಖ್ಯೆಯನ್ನು ಈಗ ಬ್ರಸೆಲ್ಸಿನಲ್ಲಿರುವ ಬೆಲ್ಜಿಯಂನ ರಾಜ ವೀಕ್ಷಣಾಲಯ ನಿರ್ವಹಿಸುತ್ತದೆ. ಅದಕ್ಕೆ ಎಣಿಕೆ ಕಳುಹಿಸುವವರಲ್ಲಿ ಹವ್ಯಾಸಿಗಳು ಇಂದಿಗೂ ಇದ್ದಾರೆ. ‘ಎಷ್ಟು ದೊಡ್ಡದು ಬೇಕು’ ಎಂದು ಕೇಳುವ ಯುವಕರಿಗೆ ನಾನು ಸಾಮಾನ್ಯವಾಗಿ ವುಲ್ಫರ ಈ ಅಳತೆಯನ್ನೇ ಹೇಳುತ್ತೇನೆ. ಹಣ ಉಳಿದರೆ ಅದನ್ನು ಮಸೂರದ ಬದಲು ಅಲುಗದ ಮುಕ್ಕಾಲಿ ಪೀಠಕ್ಕೆ ಹಾಕುವುದು ಒಳ್ಳೆಯದು. ಗಾಳಿಗೆ ನಡುಗುವ ಪೀಠದ ಮೇಲೆ ಯಾವ ಮಸೂರವೂ ಕಲೆಗಳನ್ನು ಎಣಿಸಲು ಬಿಡುವುದಿಲ್ಲ.

ಇನ್ನು ಮೂರನೆಯ ಹರ್ಷಲ್. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತದ ಮೇಲೆ ಹಾದುಹೋಯಿತು. ಜಾನ್ ಹರ್ಷಲರ ಮಗ, ತಂದೆಯ ಹೆಸರನ್ನೇ ಹೊತ್ತಿದ್ದ ಸೇನಾ ಎಂಜಿನಿಯರ್ ಲೆಫ್ಟಿನೆಂಟ್ ಜಾನ್ ಹರ್ಷಲ್, ಲಂಡನ್ನಿನ ರಾಯಲ್ ಸೊಸೈಟಿ ಕಳುಹಿಸಿದ ಉಪಕರಣಗಳೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟರು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಅದೇ ಜಮಖಂಡಿ. ಆಗಸ್ಟ್ ತಿಂಗಳೆಂದರೆ ಮಳೆಗಾಲ, ಮೋಡಗಳು ಕಾಡಿದವು. ಆದರೂ ಸಿಕ್ಕ ಕೆಲವೇ ಕ್ಷಣಗಳಲ್ಲಿ ಅವರು ರೋಹಿತದರ್ಶಕವನ್ನು ಸೂರ್ಯನ ಅಂಚಿನ ಕೆಂಪು ಚಾಚುಗಳ ಕಡೆಗೆ ತಿರುಗಿಸಿದರು. ಕಾಮನಬಿಲ್ಲಿನಂತೆ ಹರಡಿದ ಬಣ್ಣಗಳ ಬದಲು ಅಲ್ಲಿ ಕಂಡುದು ಕೆಂಪು, ಕಿತ್ತಳೆ, ನೀಲಿಯ ಮೂರು ಪ್ರಕಾಶಮಾನವಾದ ಗೆರೆಗಳು. ಅಂದರೆ ಆ ಚಾಚುಗಳು ಉರಿಯುವ ಅನಿಲ. ಅದೇ ದಿನ ಗುಂಟೂರಿನಲ್ಲಿ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಕೂಡ ಇದನ್ನೇ ಕಂಡರು. ಗೆರೆಗಳು ಅಷ್ಟು ಉಜ್ವಲವಾಗಿದ್ದರೆ ಗ್ರಹಣವಿಲ್ಲದೆಯೂ ಕಾಣಬೇಕೆಂದು ತರ್ಕಿಸಿದ ಅವರು ಮರುದಿನ ಪೂರ್ಣ ಬಿಸಿಲಿನಲ್ಲಿಯೇ ಅವುಗಳನ್ನು ನೋಡಿದರು. ಕಿತ್ತಳೆಯ ಗೆರೆ ಮುಂದೆ ಹೀಲಿಯಂ ಎಂಬ ಹೊಸ ಧಾತುವಿನದೆಂದು ತಿಳಿಯಿತು.

ಕೆಂಪು ಗೆರೆ ಜಲಜನಕದ್ದು, ತರಂಗದೂರ 656.3 ನ್ಯಾನೋಮೀಟರ್. ಇಂದಿನ ಸೂರ್ಯವೀಕ್ಷಕರು ‘ಎಚ್ ಆಲ್ಫಾ’ ಎಂದು ಕರೆಯುವುದು ಇದನ್ನೇ. ಬೇರೆಲ್ಲ ಬಣ್ಣಗಳನ್ನೂ ಕಳೆದು ಈ ಒಂದು ಗೆರೆಯಷ್ಟು ಬೆಳಕನ್ನು ಮಾತ್ರ ಬಿಡುವ ಸೋಸುಗವಿದ್ದರೆ ಸೂರ್ಯನ ಅಂಚಿನ ಜ್ವಾಲಾಚಾಚುಗಳೂ ಮೇಲ್ಮೈಯ ಕಪ್ಪು ಎಳೆಗಳೂ ಯಾವ ದಿನವಾದರೂ ಕಾಣುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬರ್ನಾರ್ ಲಿಯೋ ಇಂಥ ಸೋಸುಗವನ್ನು ರೂಪಿಸಿದರು. ಈಗ 40 ಮಿ.ಮೀ. ವ್ಯಾಸದ ಪುಟ್ಟ ಎಚ್ ಆಲ್ಫಾ ದೂರದರ್ಶಕಗಳೇ ಮಾರುಕಟ್ಟೆಯಲ್ಲಿವೆ. ಜಮಖಂಡಿಯಲ್ಲಿ ಹರ್ಷಲರು ಸಮುದ್ರದಾಚೆಯಿಂದ ಬಂದ ಉಪಕರಣಗಳಿಟ್ಟು ಮೋಡದ ಸಂದಿನಲ್ಲಿ ಕ್ಷಣಕಾಲ ಕಂಡುದನ್ನು ಅವುಗಳಲ್ಲಿ ಬಿಡುವಾಗಿ ನೋಡಬಹುದು. ಇವುಗಳನ್ನು ಕೊಳ್ಳುವವರು ವ್ಯಾಸಕ್ಕಿಂತ ಮೊದಲು ಸೋಸುಗ ಎಷ್ಟು ಕಿರಿದಾದ ಪಟ್ಟಿಯನ್ನು ಬಿಡುತ್ತದೆ ಎಂದು ವಿಚಾರಿಸಬೇಕು. ಒಂದು ಆಂಗ್‌ಸ್ಟ್ರಾಮ್‌ನಷ್ಟಿದ್ದರೆ ಅಂಚಿನ ಚಾಚುಗಳು ಚೆನ್ನಾಗಿ ಕಾಣುತ್ತವೆ. ಮೇಲ್ಮೈಯ ವಿವರಗಳಿಗೆ ಅರ್ಧ ಆಂಗ್‌ಸ್ಟ್ರಾಮ್‌ನ ಸಮೀಪ ಬರಬೇಕು, ಅದಕ್ಕಾಗಿ ಎರಡನೆಯ ಸೋಸುಗವನ್ನು ಮೊದಲನೆಯದರೊಂದಿಗೆ ಜೋಡಿಸುವುದುಂಟು. ಇಲ್ಲಿಂದ ಮುಂದೆ ಖರ್ಚು ಬಹಳ ಬೇಗ ಏರುತ್ತದೆ. ಬಿಳಿ ಬೆಳಕಿನಲ್ಲಿ ಎರಡು ಮೂರು ವರ್ಷ ಕಲೆಗಳನ್ನು ಎಣಿಸದ ಶಾಲೆ ಇದಕ್ಕೆ ಕೈಹಾಕಬಾರದೆಂಬುದು ನನ್ನ ಖಚಿತ ನಿಲುವು. ಅಷ್ಟು ಬೆಲೆಯ ವಸ್ತು ಗ್ರಹಣದ ದಿನ ಹೊರಬಂದು ಮರುದಿನ ಕಪಾಟು ಸೇರಿದರೆ ಯಾರಿಗೂ ಪ್ರಯೋಜನವಿಲ್ಲ.

ಕೊಡೈಕನಾಲ್ ವೀಕ್ಷಣಾಲಯದ ಉದಾಹರಣೆ ಈ ಮಾತಿಗೆ ಬಲ ಕೊಡುತ್ತದೆ. 1899ರಲ್ಲಿ ಮದರಾಸಿನಿಂದ ಆ ಬೆಟ್ಟಕ್ಕೆ ಏರಿದ ಸಂಸ್ಥೆ ಅದು, ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಂಗ. ಸೌರಕಲೆಗಳೊಳಗೆ ಅನಿಲ ಹರಿಯುವ ಬಗೆಯನ್ನು ಜಾನ್ ಎವರ್ಶೆಡ್ 1909ರಲ್ಲಿ ಕಂಡುಹಿಡಿದುದು ಅಲ್ಲಿಯೇ. ಆದರೆ ಜಗತ್ತಿನ ವಿದ್ವಾಂಸರು ಇಂದು ಆ ಬೆಟ್ಟದ ಕಡೆಗೆ ನೋಡುವುದು ನೂರು ವರ್ಷಗಳಿಗೂ ಮಿಕ್ಕಿ ದಿನವೂ ತೆಗೆದ ಸೂರ್ಯಚಿತ್ರಗಳ ಭಂಡಾರಕ್ಕಾಗಿ. ಬಿಳಿ ಬೆಳಕಿನ ಆ ಚಿತ್ರಗಳಿಗೆ ಬಹುಕಾಲ ಬಳಸಿದ ಮಸೂರ ಕೇವಲ ಆರು ಅಂಗುಲದ್ದು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ನೌಕೆಯ ಮುಖ್ಯ ಉಪಕರಣವನ್ನು ಇದೇ ಸಂಸ್ಥೆಯವರು ಹೊಸಕೋಟೆಯ ಕೇಂದ್ರದಲ್ಲಿ ಸಿದ್ಧಪಡಿಸಿದರು.

ಕೊನೆಗೆ, ದೂರದರ್ಶಕ ಮನೆಗೋ ಶಾಲೆಗೋ ಬಂದ ಮೇಲಿನ ಮಾತು. ಮುಖ್ಯ ಕೊಳವೆಯ ಪಕ್ಕದಲ್ಲಿರುವ ಚಿಕ್ಕ ಅನ್ವೇಷಕ ದೂರದರ್ಶಕವನ್ನು ಮರೆಯುವವರೇ ಹೆಚ್ಚು. ಅದೂ ಮಸೂರವೇ, ಅದರಲ್ಲಿ ಇಣುಕಿದ ಕಣ್ಣೂ ಸುಡುತ್ತದೆ. ಬಿಚ್ಚಿಡಬೇಕು, ಇಲ್ಲವೇ ಎರಡೂ ಕಡೆ ಮುಚ್ಚಬೇಕು. ಸೂರ್ಯನ ಕಡೆಗೆ ಗುರಿ ಹಿಡಿಯಲು ಅದು ಬೇಕಾಗಿಯೂ ಇಲ್ಲ. ನೆಲದ ಮೇಲೆ ಬಿದ್ದ ಕೊಳವೆಯ ನೆರಳು ಅತಿ ಚಿಕ್ಕದಾಗುವಂತೆ ತಿರುಗಿಸಿದರೆ ಸೂರ್ಯ ತಾನಾಗಿ ಎದುರಾಗುತ್ತಾನೆ. ಅಸರ್‌ನ ಹೊತ್ತನ್ನು ನೆರಳಿನಿಂದ ಅಳೆಯುತ್ತಿದ್ದವರಿಗೆ ಈ ಲೆಕ್ಕ ಹೊಸದೆನಿಸದು. ಪಕ್ಕದಲ್ಲಿ ಗೆರೆ ಹಾಕಿದ ಒಂದು ಪುಸ್ತಕವಿರಲಿ. ತಾರೀಖು, ಗಂಟೆ, ಗುಂಪುಗಳೆಷ್ಟು, ಕಲೆಗಳೆಷ್ಟು, ನೋಡಿದವರು ಯಾರು, ಇಷ್ಟು ಬರೆದರೆ ಸಾಕು. ಏನೂ ಕಾಣದ ದಿನ ಮಕ್ಕಳು ಪುಟವನ್ನು ಖಾಲಿ ಬಿಡಲು ನೋಡುತ್ತಾರೆ. ಹಾಗೆ ಬಿಡಕೂಡದು, ಸೊನ್ನೆಯೆಂದು ಬರೆಸಬೇಕು. ಶ್ವಾಬೆಯವರ ಕೋಷ್ಟಕದಲ್ಲಿ ಕಲೆಯಿಲ್ಲದ ದಿನಗಳಿಗೆಂದೇ ಒಂದು ಪ್ರತ್ಯೇಕ ಅಂಕಣವಿತ್ತು.